ಮೇಷ್ಟ್ರ ಎದುರು ಬಿಡ್ ಮಾಡುವುದು

ನಾನು ಸಂಗ್ರಹಿಸುವುದು ಟಿಪ್ಪು ಕಾಲದ ತಾಮ್ರದ ಆನೆ ಪೈಸ. ಅದರಲ್ಲೂ ನಗರ ಟಂಕಸಾಲೆಯದು. ನಗರ ಅಂದರೆ ಹೊಸನಗರ ತಾಲ್ಲೂಕಿನ ಬಿದನೂರು ನಗರ. 1763ರಲ್ಲಿ ಹೈದರ್ ಅದನ್ನು ಕೆಳದಿಯವರಿಂದ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ನಮ್ಮ ಮನೆಯಿಂದ ಬೈಕಿನಲ್ಲಿ ಒಂದು ಗಂಟೆ ದಾರಿ. ನಮ್ಮ ಸೀಮೆಯಲ್ಲೇ ಅಚ್ಚಾದ ಕಾಸು ಅನ್ನುವುದು ಬಿಟ್ಟರೆ ಈ ಹುಚ್ಚಿಗೆ ಬೇರೆ ಕಾರಣ ಇಲ್ಲ.

ಮೊದಲೆಲ್ಲ ಹಳೇ ಪಾತ್ರೆ ಅಂಗಡಿ, ನಾಣ್ಯ ಪ್ರದರ್ಶನ ಅಂತ ಅಲೆದು ಕೊಳ್ಳುತ್ತಿದ್ದೆ. ಆಮೇಲೆ ಆನ್‌ಲೈನ್ ಹರಾಜಿಗೆ ಬಿದ್ದೆ. ಅಲ್ಲಿ ಯಾರ ಮುಖವೂ ಕಾಣುವುದಿಲ್ಲ. ಎದುರಿಗಿರುವವನು ಬರೀ ಒಂದು ನಂಬರ್. ಮುಖ ಕಾಣದಿದ್ದರೆ ಮನುಷ್ಯ ಎಷ್ಟು ಬೇಗ ಕೆಡುತ್ತಾನೆ ಅನ್ನುವುದು ನನ್ನನ್ನು ನೋಡಿಯೇ ನನಗೆ ಗೊತ್ತಾಯಿತು.

ಮೊದಲ ಜಿದ್ದು ಒಂದು ನಗರ ಪೈಸದ್ದು. ಕ್ಯಾಟಲಾಗಿನಲ್ಲಿ ಇಸವಿ 2221 ಅಂತ ಹಾಕಿದ್ದರು. ಓದಿ ನಕ್ಕೆ. ಟಿಪ್ಪು 1787ರಲ್ಲಿ ಪ್ರವಾದಿ ಮುಹಮ್ಮದರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ತಂದ ಮೇಲೆ ನಾಣ್ಯದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ ಅದು 1222. ಆ ವರ್ಷದ್ದು ನನ್ನ ಹತ್ತಿರ ಇರಲಿಲ್ಲ. ಇಸವಿಯೇ ತಪ್ಪಿದೆ, ಯಾರೂ ಇದರ ಕಡೆ ತಲೆ ಹಾಕಲ್ಲ ಅಂದುಕೊಂಡೆ. ತಲೆ ಹಾಕಿದವನು ಒಬ್ಬ ಇದ್ದ. ಕೊನೇ ಎರಡು ನಿಮಿಷದಲ್ಲಿ ಯಾರಾದರೂ ಬಿಡ್ ಮಾಡಿದರೆ ಹರಾಜಿನ ಸಮಯ ತಾನಾಗಿ ಮುಂದಕ್ಕೆ ಹೋಗುವ ವ್ಯವಸ್ಥೆ ಅದು. ನಾನು ನೂರು ಏರಿಸಿದರೆ ಅವನು ನೂರು. ಒಲೆ ಮೇಲಿದ್ದ ಹಾಲು ಉಕ್ಕಿತು, ಹೆಂಡತಿ ಬೈದಳು, ಸಮಯ ಮಾತ್ರ ಮುಗಿಯಲೇ ಇಲ್ಲ. ಒಂದೂವರೆ ಸಾವಿರಕ್ಕೆ ಸಿಗಬೇಕಾದ ಪೈಸ 4,200ಕ್ಕೆ ನನ್ನದಾಯಿತು.

ಮುಂದಿನ ಸಲ ಬೆಂಗಳೂರಿನ ಶಿಕ್ಷಕರ ಸದನದಲ್ಲಿ ಪ್ರದರ್ಶನ ಇತ್ತು. ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನನಗೆ ವರ್ಷಗಳಿಂದ ಪರಿಚಯ. ಫಾರ್ಸಿ ಅಕ್ಷರ ಗುರುತು ಹಿಡಿಯುವುದನ್ನು ನನಗೆ ಕಲಿಸಿದವರೇ ಅವರು. ಟೀ ಕುಡಿಯುವಾಗ ಸುಮ್ನೆ ಅಂದಂತೆ ಕೇಳಿದರು.

"ಆ ನಗರದ 1222, ನೀವೇನ್ರೀ ಏರಿಸಿದ್ದು?"

"ನಾನೆಲ್ಲಿ ಏರಿಸಿದೆ ಸರ್? ನೀವು ಬಿಡಲಿಲ್ಲ."

ಇಬ್ಬರೂ ಜೋರಾಗಿ ನಕ್ಕೆವು. ನನಗೆ ಮಾತ್ರ ನಗು ಅರ್ಧ ಗಂಟಲಲ್ಲೇ ನಿಂತಿತ್ತು. 4,200 ಅಲ್ವಾ!

ಅಲ್ಲೇ ಒಂದು ಒಪ್ಪಂದವಾಯಿತು. ನಗರದ್ದು ಬಂದರೆ ಅವರು ಕೈ ಹಾಕುವುದಿಲ್ಲ. ಮೇಷ್ಟ್ರು ಒಂದೊಂದು ಟಂಕಸಾಲೆಯದು ಒಂದೊಂದು ಅಂತ ಸೇರಿಸುವವರು. ಪಟ್ಟಣ ಅಂದರೆ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗದ ಫರ್ರುಖ್‌ಯಾಬ್ ಹಿಸಾರ್, ಗುತ್ತಿಯ ಫೈಜ್ ಹಿಸಾರ್, ಹೀಗೆ. ಅವುಗಳ ಒಳ್ಳೇ ಪೀಸು ಬಂದರೆ ನಾನು ಕೈ ಹಾಕುವುದಿಲ್ಲ. ಹರಾಜಿನ ಹಿಂದಿನ ದಿನ ಫೋನ್, ಲಾಟ್ (ಹರಾಜಿಗಿಟ್ಟ ಒಂದೊಂದು ವಸ್ತು) ನಂಬರ್ ಹಂಚಿಕೆ, ಮುಗೀತು. ಇದು ಸ್ನೇಹ, ಇದೇ ಮರ್ಯಾದೆ ಅಂತಲೇ ನಂಬಿದ್ದೆ. ಎರಡು ಹರಾಜಿನಲ್ಲಿ ಐದು ನಗರ ಪೈಸ ಕೊಂಡೆ. ನಾಲ್ಕು ಲಾಟ್ ಕರೆದ ಬೆಲೆಗೇ ಬಂದವು.

ಕೆಲವು ತಿಂಗಳಾದ ಮೇಲೆ ಸಾಗರದಲ್ಲಿ ಪರಿಚಯದವರ ಮನೆಯ ಪೂಜೆಗೆ ಹೋಗಿದ್ದೆ. ನನಗೆ ನಾಣ್ಯದ ಹುಚ್ಚು ಅಂತ ಗೊತ್ತಿದ್ದ ಒಬ್ಬ ಹೆಣ್ಣುಮಗಳು ಊಟದ ಪಂಕ್ತಿಯಲ್ಲಿ ಪಕ್ಕ ಕೂತಳು. ಅವಳ ಅಪ್ಪ ತೀರಿಕೊಂಡಿದ್ದರು. ಅವರು ಕೂಡಿಟ್ಟಿದ್ದ ಕಾಸುಗಳನ್ನು ಹರಾಜಿಗೆ ಕೊಟ್ಟಿದ್ದಳಂತೆ. "ಅಪ್ಪ ಇವಕ್ಕೆ ಭಾರೀ ಬೆಲೆ ಇದೆ ಅಂತಿದ್ರು ಅಣ್ಣ. ಆದ್ರೆ ಯಾರೂ ಕೇಳಲೇ ಇಲ್ಲ" ಅಂದಳು. ಫೋನಿನಲ್ಲಿ ಫೋಟೋ ತೋರಿಸಿದಳು. ಆನೆಯ ಸೊಂಡಿಲ ಮೇಲೆ ಅಡ್ಡಲಾಗಿ ಒಂದು ಗೀರು. ಆ ಗೀರು ನನಗೆ ಚೆನ್ನಾಗಿ ಗೊತ್ತು. ಆ ಪೈಸ ಆಗ ನನ್ನ ಬೀರುವಿನಲ್ಲಿತ್ತು.

ಬಡಿಸಿದ ಪಾಯಸ ರುಚಿಸಲಿಲ್ಲ. ನಮ್ಮಪ್ಪ ಅಡಿಕೆ ಬೆಳೆಗಾರ. ಮಂಡಿಯಿಂದ ಬಂದಾಗೆಲ್ಲ ಒಂದೇ ಗೊಣಗಾಟ. "ಅವ್ರೆಲ್ಲ ಹೊರಗೆ ಚಾ ಕುಡೀತಾ ಮಾತಾಡ್ಕಂಡೇ ಒಳಗೆ ಬರೋದು ಮಾರಾಯ. ಇನ್ನು ರೇಟು ಎಲ್ಲಿಂದ ಏರ್ತದೆ?" ಶಿಕ್ಷಕರ ಸದನದಲ್ಲಿ ಚಾ ಕುಡೀತಾ ನಾನು ಮಾಡಿದ್ದೂ ಅದೇ. ಬ್ರಿಟನ್ನಿನಲ್ಲಿ ವ್ಯಾಪಾರಿಗಳು ಹೀಗೆ ದುಡ್ಡು ಕೊಟ್ಟು ಎದುರಾಳಿಯನ್ನು ಸುಮ್ಮನಿರಿಸುವುದನ್ನು ತಡೆಯಲು 1927ರಲ್ಲೇ ಕಾಯ್ದೆ ತಂದಿದ್ದಾರೆ ಅಂತ ಆಮೇಲೆ ಓದಿದೆ. ನಮ್ಮ ನಡುವೆ ದುಡ್ಡು ಓಡಾಡಿರಲಿಲ್ಲ, ನಿಜ. ಆ ಹುಡುಗಿಗೆ ಅದರಿಂದೇನು?

ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ "ಸರಿ, ಇನ್ಮೇಲೆ ಹರಾಜಿಗೆ ಮುಂಚೆ ಫೋನ್ ಬೇಡ. ಮುಗಿದ ಮೇಲೆ ಮಾಡೋಣ" ಅಂದರು. ಈಗಲೂ ಅದೇ ನಡೆದುಕೊಂಡು ಬಂದಿದೆ.

ಹಾಗಂತ ಬಿಟ್ಟುಕೊಡುವುದೇ ಇಲ್ಲ ಅಂತಲ್ಲ. ಸಲಾಮಾಬಾದ್, ಅಂದರೆ ಸತ್ಯಮಂಗಲದ ಟಂಕಸಾಲೆಯದು ಒಂದು ಬಂದಾಗ ನಾನು ಸುಮ್ಮನಿದ್ದೆ. ಮೇಷ್ಟ್ರು ಅದಕ್ಕಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಅಂತ ಗೊತ್ತಿತ್ತು. ಅವರಿಗೆ ಹೇಳಲಿಲ್ಲ, ಬದಲಿಗೆ ಏನೂ ಕೇಳಲಿಲ್ಲ. ಇದರಿಂದಲೂ ಮಾರುವವರಿಗೆ ನಷ್ಟ ಅಲ್ವಾ ಅಂದರೆ, ಸ್ವಲ್ಪ ಹೌದು. ಆದರೆ ಬಂದಿದ್ದನ್ನೆಲ್ಲ ಕೊಳ್ಳಲೇಬೇಕು ಅಂತ ನನಗೇನೂ ಹರಕೆ ಇಲ್ಲವಲ್ಲ. ನೀನು ಅದು ಬಿಡು, ನಾನು ಇದು ಬಿಡ್ತೀನಿ ಅನ್ನುವುದು ಬೇರೆ.

ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹರಾಜಿನ ದಿನ ಬೆಳಿಗ್ಗೆಯೇ "ಆ ಲಾಟ್ ನಂದು, ದಯವಿಟ್ಟು ಯಾರೂ ಮುಟ್ಟಬೇಡಿ" ಅಂತ ಕೈ ಮುಗಿಯುವ ಚಿತ್ರದ ಜೊತೆ ಹಾಕುತ್ತಿದ್ದರು. ಒಂದು ಸಲ ನನಗೆ ರೇಗಿತು. ಬೇಕಾಗಿಲ್ಲದಿದ್ದರೂ ಅವರ ಲಾಟ್ ಮೇಲೆ ಬಿಡ್ ಮಾಡುತ್ತಾ ಹೋದೆ. ಇನ್ನೊಂದು ಐನೂರು ಕೊಡಲಿ, ಇನ್ನೊಂದು ಐನೂರು ಕೊಡಲಿ ಅಂತ. 6,500ಕ್ಕೆ ಅವರು ನಿಂತರು. ಕಮಿಷನ್, ಜಿಎಸ್‌ಟಿ, ಕೊರಿಯರ್ ಎಲ್ಲ ಸೇರಿ ಎಂಟು ಸಾವಿರದ ಆಸುಪಾಸು. ನನಗೆ ಬೇಡವಾದ ಪೈಸ ನನ್ನ ಕುತ್ತಿಗೆಗೇ ಬಿತ್ತು. ಬಿಡ್ ವಾಪಸ್ ತೆಗೆದುಕೊಳ್ಳಿ ಅಂತ ಹರಾಜಿನವರನ್ನು ಕೇಳಬಹುದಿತ್ತು. ನಾಚಿಕೆಯಾಗಿ ಮೂರನೇ ದಿನವೇ ದುಡ್ಡು ಕಟ್ಟಿದೆ. ಅದು ಈಗಲೂ ಡ್ರಾಯರಿನಲ್ಲಿದೆ, ಮೇಜು ತೆರೆದಾಗೆಲ್ಲ ಕಾಣುತ್ತದೆ.

ಅಂದಿನಿಂದ ನನ್ನ ಕ್ರಮ ಇಷ್ಟೆ. ಕ್ಯಾಟಲಾಗ್ ಬಂದ ದಿನವೇ ನನಗೆ ಎಷ್ಟಕ್ಕೆ ಬೇಕು ಅಂತ ಕಮಿಷನ್ನನ್ನೂ ಸೇರಿಸಿ ಚೀಟಿಯಲ್ಲಿ ಬರೆಯುತ್ತೇನೆ. ಹರಾಜಿನ ಸಂಜೆ ಅದನ್ನೇ ಮ್ಯಾಕ್ಸಿಮಮ್ ಬಿಡ್ ಅಂತ ಹಾಕಿ ವಾಕಿಂಗ್ ಹೋಗುತ್ತೇನೆ. ಕೊನೇ ಕ್ಷಣದಲ್ಲಿ ಬಂದು ಹೊಡೆದುಕೊಂಡು ಹೋಗುವವರನ್ನು ಕಂಡರೆ ಕೆಲವರಿಗೆ ಸಿಟ್ಟು. ನನಗಿಲ್ಲ. ಸಮಯ ಇರುವಾಗ ಬಿಡ್ ಮಾಡಿದ್ದಾರೆ, ಅದರಲ್ಲಿ ಮೋಸ ಏನು? ಸೋತ ಮೇಲೆ ಗೆದ್ದವರಿಗೆ "ಜಾಸ್ತಿ ಕೊಟ್ರಿ ಬಿಡಿ" ಅಂತ ಮೆಸೇಜ್ ಹಾಕುತ್ತಾರಲ್ಲ, ಅದು ಮಾತ್ರ ನನಗೆ ಆಗುವುದಿಲ್ಲ.

ಮಾರುವವರೂ ಎಲ್ಲರೂ ಸಾಚಾ ಅಲ್ಲ ಅನ್ನಿ. ತಮ್ಮದೇ ಲಾಟಿಗೆ ಭಾವಮೈದುನನ ಹೆಸರಲ್ಲಿ ಬಿಡ್ ಮಾಡಿಸಿ ಬೆಲೆ ಏರಿಸುವವರಿದ್ದಾರೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ ಹಾಗೆ ಸುಳ್ಳು ಕೂಗಿಸಿದ್ದು ಗೊತ್ತಾದರೆ ಕೊಂಡವನು ವ್ಯಾಪಾರವನ್ನೇ ರದ್ದು ಮಾಡಬಹುದು. ಸಾಬೀತು ಮಾಡುವುದು ಯಾರು ಅನ್ನುವುದು ಬೇರೆ ಮಾತು.

ನಕಲಿ ಕಂಡರೆ ಫೋಟೋ ಗುರುತು ಮಾಡಿ ಹರಾಜಿನವರಿಗೆ ಮೇಲ್ ಹಾಕುತ್ತೇನೆ. ಗುಂಪಿನಲ್ಲಿ ಕೂಗುವುದಿಲ್ಲ. ಹಾಗೆ ಕೂಗಿದವರೇ ಕೊನೆಗೆ ಆ ಲಾಟ್ ಅಗ್ಗಕ್ಕೆ ಕೊಂಡಿದ್ದನ್ನು ನೋಡಿದ್ದೇನೆ.

ಕಷ್ಟ ಆಗುವುದು ತಪ್ಪು ಹೆಸರಿನ ಲಾಟ್ ಕಂಡಾಗ. ಕಳೆದ ವರ್ಷ ಒಂದು ಪೈಸಕ್ಕೆ ಪಟ್ಟಣದ್ದು ಅಂತ ಹೆಸರು ಹಾಕಿದ್ದರು. ಫೋಟೋ ದೊಡ್ಡದು ಮಾಡಿದರೆ ಕೆಳಗಿನ ಸಾಲಿನಲ್ಲಿ ನಜರ್‌ಬಾರ್ ಅಂತಿದೆ. ನಜರ್‌ಬಾರ್ ಅಂದರೆ ಮೈಸೂರು. ಸಿಗುವುದು ಅಪರೂಪ. ರಾತ್ರಿ ಹನ್ನೊಂದಕ್ಕೆ ಎದೆ ಢವಢವ. ಮಾರನೇ ದಿನ ಬೇರೇನೋ ಕೆಲಸಕ್ಕೆ ಮೇಷ್ಟ್ರ ಫೋನ್ ಬಂತು. ಮಾತಿನ ಮಧ್ಯೆ ಬಾಯಿ ತಪ್ಪಿ ಕೇಳಿಯೇಬಿಟ್ಟರು. "ಈ ಸಲದ ಕ್ಯಾಟಲಾಗಿನಲ್ಲಿ ಏನಾದ್ರೂ ಇದೆಯೇನ್ರೀ?"

ಏನೂ ಇಲ್ಲ ಅಂದಿದ್ದರೆ ಸುಳ್ಳು. ಇದೆ ಅಂತ ನಂಬರ್ ಕೊಟ್ಟರೆ ಮತ್ತೆ ಹಳೇ ಹಂಚಿಕೆಯ ಕಥೆ. "ಇದೆ ಸರ್. ಆದ್ರೆ ಹೇಳಲ್ಲ" ಅಂದೆ.

ಮುದುಕರು ಎರಡು ರಾತ್ರಿ ಭೂತಗನ್ನಡಿ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂತರಂತೆ. ನನ್ನ ಚೀಟಿಯಲ್ಲಿ 9,000 ಇತ್ತು. ಹರಾಜಿನ ದಿನ ವಾಕಿಂಗ್ ಮುಗಿಸಿ ಬಂದು ನೋಡಿದರೆ 9,500ಕ್ಕೆ ಯಾರದೋ ಪಾಲಾಗಿತ್ತು. ಹತ್ತು ನಿಮಿಷಕ್ಕೆ ಫೋನ್. "ನೀವು ಹೇಳಲ್ಲ ಅನ್ನದಿದ್ರೆ ನಾನು ಹುಡುಕ್ತಾನೇ ಇರ್ಲಿಲ್ಲ ಕಣ್ರೀ. ನಜರ್‌ಬಾರ್ ನೋಡೋಕೆ ಯಾವಾಗ ಬರ್ತೀರಿ?" ಹೋಗಿದ್ದೆ. ಉಪ್ಪಿಟ್ಟು ತಿಂದು, ನಾಣ್ಯ ಅಂಗೈ ಮೇಲಿಟ್ಟುಕೊಂಡು ಅರ್ಧ ಗಂಟೆ ನೋಡಿ ಬಂದೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಸಾಗರದ ಹುಡುಗಿಗೆ ಎಲ್ಲ ಹೇಳಿದೆ. ಆ ಗೀರಿನ ಪೈಸವನ್ನು ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಅಪ್ಪನ ಕಾಸು ಗೊತ್ತಿರೋರ ಮನೇಲೇ ಇರಲಿ ಬಿಡಿ" ಅಂದಳು. ಕಡಿಮೆ ಬಿದ್ದಿದ್ದ ದುಡ್ಡನ್ನಾದರೂ ಕೊಡ್ತೀನಿ ಅಂದೆ. ತುಂಬಾ ಹೊತ್ತು ಬೇಡ ಅಂದು, ಆಮೇಲೆ ಇಸಿದುಕೊಂಡಳು.

ಮೊನ್ನೆ ಹೊಸ ಕ್ಯಾಟಲಾಗ್ ಬಂದಿದೆ. ಅದರಲ್ಲೊಂದು ಡಬಲ್ ಪೈಸ, ನಗರದ್ದು. ಆನೆಯ ಪಕ್ಕ ಬಾವುಟ ಪೂರ್ತಿ ಕಾಣುತ್ತಿದೆ. ಚೀಟಿ ಬರೆದು ದಿಂಬಿನ ಕೆಳಗೆ ಇಟ್ಟಿದ್ದೇನೆ. ನಾಲ್ಕು ದಿನದಿಂದ ಮೇಷ್ಟ್ರ ಫೋನ್ ಇಲ್ಲ. ನಾನೂ ಮಾಡಿಲ್ಲ.