ಮಸಾರಿ ಹೊಲದ ಬದುವಿಗೆ ಗುಗ್ಗುಳ

ಕುಷ್ಟಗಿ, ಯಲಬುರ್ಗಾ ಕಡೆ ಮದುವೆ ಮನೆಯಿಂದ ವೀರಭದ್ರನ ಗುಗ್ಗಳ, ಅಂದರೆ ಧೂಪದ ಮೆರವಣಿಗೆ, ಹೊರಟರೆ ವೀರಭದ್ರನ ಭಕ್ತರಾದ ಪುರವಂತರು ಕೂಗಿ ಹೇಳುವ ಒಡಪು ಓಣಿಗೆಲ್ಲ ಕೇಳುತ್ತದೆ. ಆದರೆ ಆ ಹೆಸರಿನ ಗಿಡವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಮುಳ್ಳು ಮುಳ್ಳಾದ ಕುಳ್ಳ ಮರ, ಕಾಗದದಂತೆ ಸುಲಿಯುವ ತೊಗಟೆ, ವರ್ಷದ ಬಹುಪಾಲು ಬೋಳು. ಗಾಯ ಮಾಡಿದರೆ ಒಸರುವ ಅಂಟೇ ಗುಗ್ಗುಳ. ಅಂಟು ಹೆಚ್ಚು ಬರಲೆಂದು ಆಳವಾಗಿ ಕೊಚ್ಚಿ, ರಾಸಾಯನಿಕ ಹಚ್ಚುತ್ತಾರೆ. ಆ ವರ್ಷ ಅಂಟು ಸುರಿಯುತ್ತದೆ, ಗಿಡ ಸಾಯುತ್ತದೆ. ಹೀಗಾಗಿ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿಗೆ ಸೇರಿದೆ.

ಬೆಳೆಸುವುದು ಕಷ್ಟವಲ್ಲ, ಕಾಯುವುದು ಕಷ್ಟ.

ಮೊದಲು ಜಾಗ. ಎರೆ (ಕಪ್ಪು ಮಣ್ಣಿನ) ಹೊಲ ಬೇಡವೇ ಬೇಡ, ನೀರು ನಿಂತರೆ ಬೇರು ಕೊಳೆಯುತ್ತದೆ. ಮಸಾರಿ (ಕೆಂಪು ಮಣ್ಣು), ಗರಸು, ಕಲ್ಲು ದಿಬ್ಬ ಇದ್ದರೆ ಅದೇ ಸರಿ. ನಮ್ಮ ಕೊಪ್ಪಳ ಜಿಲ್ಲೆಯ ಮಳೆ ಇದಕ್ಕೆ ಧಾರಾಳ.

ಕಡ್ಡಿಯನ್ನು ಕಾಡಿನ ಗಿಡದಿಂದ ಮುರಿಯಬೇಡಿ. ಔಷಧಿ ಸಸ್ಯಗಳ ನರ್ಸರಿಯಲ್ಲಿ ಕೇಳಿ. ಹೆಬ್ಬೆರಳಿಗಿಂತ ತುಸು ಸಣ್ಣ, ಅರೆಬಲಿತ, ಸುಮಾರು 25 ಸೆಂ.ಮೀ. ಉದ್ದದ ಕಡ್ಡಿ ಬೇಕು. ಇಲ್ಲಿ ಒಂದು ಎಚ್ಚರ: ಒಂದೇ ತಾಯಿ ಗಿಡದ ಕಡ್ಡಿ ನೂರು ನೆಟ್ಟರೂ ತಳಿಯ ಲೆಕ್ಕದಲ್ಲಿ ಅದು ಒಂದೇ ಗಿಡ. ರೋಗ ಬಂದರೆ ನೂರೂ ಹೋಗಬಹುದು. ನಾಲ್ಕೈದು ತಾಯಿ ಗಿಡಗಳಿಂದ ತನ್ನಿ. ಗಂಡು, ಹೆಣ್ಣು ಗಿಡ ಬೇರೆ ಬೇರೆ. ಗಂಡು ಬಲು ಅಪರೂಪ. ಪರಾಗ ಸೇರದೆಯೂ ಹೆಣ್ಣು ಬೀಜ ಕಟ್ಟುತ್ತದೆ, ಆ ಸಸಿಯೂ ತಾಯಿಯ ನಕಲೇ. ಗಂಡು ಗಿಡ ಸಿಕ್ಕರೆ ಬಿಡಬೇಡಿ.

ಮರಳು, ಕೆಂಪು ಮಣ್ಣು, ತಿಪ್ಪೆಗೊಬ್ಬರ ಬೆರೆಸಿದ ಚೀಲದಲ್ಲಿ ಕಡ್ಡಿಯ ಬುಡ ಊರಿ, ನೆರಳಲ್ಲಿಡಿ. ತೇವ ಇರಲಿ, ಕೆಸರು ಬೇಡ. ಚಿಗುರು ಕಂಡ ಕೂಡಲೇ ಕಿತ್ತು ನೆಡುವ ಆತುರ ಬೇಡ: ಕಡ್ಡಿಯೊಳಗಿನ ಕಸುವಿನಿಂದಲೇ ಎಲೆ ಬರುತ್ತದೆ, ಬೇರು ಆಮೇಲೆ.

ಮುಂಗಾರು ಹಿಡಿದ ಮೇಲೆ ಬದುವಿನಗುಂಟ ಎರಡು ಮೀಟರಿಗೊಂದು ಗುಂಡಿ. ಗೆದ್ದಲಿಗೆ ಬೇವಿನ ಹಿಂಡಿ. ಮೊದಲ ಬೇಸಿಗೆಗೆ ಆಗಾಗ ಒಂದು ಕೊಡ ನೀರು, ಆಡುಗಳಿಗೆ ಅಡ್ಡವಾಗಿ ಮುಳ್ಳುಬೇಲಿ. ಬೇಸಿಗೆಯಲ್ಲಿ ಬೋಳಾದರೆ ಸತ್ತಿತೆಂದು ಕೀಳಬೇಡಿ; ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಆರೇಳು ವರ್ಷ ಚೂರಿ ತಾಗಿಸಬೇಡಿ. ಅಲ್ಲಿಯವರೆಗೆ ಗುಗ್ಗಳಕ್ಕೆ ಅಂಗಡಿಯ ಹಾಲುಮಡ್ಡಿ ಸಾಕು, ವೀರಭದ್ರ ಸಿಟ್ಟಾಗುವುದಿಲ್ಲ.