ಮೊದಲು ಟ್ಯೂಬ್, ಆಮೇಲೆ ಕಲೆ

ಚರ್ಮದ ತೊಂದರೆ ಅಂತ ನನ್ನ ಹತ್ತಿರ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಕೆಲವರು ಅದನ್ನು ಕುರ್ಚಿಯ ಕೆಳಗೆ ಸರಿಸಿ ಇಡುತ್ತಾರೆ. ನಾನು ಕೇಳಿ ತೆಗೆಸುತ್ತೇನೆ. ಮೇಜಿನ ಮೇಲೆ ಸುರಿದರೆ ಹಿಂಡಿ ಸುರುಳಿ ಮಾಡಿದ ಟ್ಯೂಬ್‌ಗಳು, ಔಷಧಿ ಸೋಪಿನ ತುಂಡು, ಯಾರೋ ಕೊಟ್ಟ ಎಣ್ಣೆ ಬಾಟಲಿ. ಟ್ಯೂಬ್‌ಗಳ ಹೆಸರು ಬೇರೆ ಬೇರೆ. ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದು ಮಾತ್ರ ಹೆಚ್ಚುಕಮ್ಮಿ ಒಂದೇ: ಒಂದು ಫಂಗಸ್ ಔಷಧಿ, ಒಂದು ಆ್ಯಂಟಿಬಯಾಟಿಕ್, ಜೊತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್. ಈ ಕೊನೆಯದು ಸ್ಟೀರಾಯ್ಡ್.

ನಾನು ಕರಾವಳಿಯ ಒಂದು ತಾಲ್ಲೂಕು ಊರಿನಲ್ಲಿ ಚರ್ಮರೋಗ ನೋಡುವ ಡಾಕ್ಟರ್. ಕಲೆ ನೋಡುವ ಮೊದಲು ಟ್ಯೂಬ್ ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಯಾಕೆಂದರೆ ಸ್ಟೀರಾಯ್ಡ್ ಹಚ್ಚಿದ ಚರ್ಮ ತನ್ನ ಕಾಯಿಲೆಯ ಗುರುತನ್ನು ಅಳಿಸಿಕೊಂಡಿರುತ್ತದೆ. ತುರಿಕೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಕೆಂಪು ಮಾಸುತ್ತದೆ, ಜನ ಖುಷಿಯಾಗುತ್ತಾರೆ. ಒಳಗಿನ ಫಂಗಸ್ಸಿಗೂ ಖುಷಿಯೇ. ಅದನ್ನು ತಡೆಯಲು ಚರ್ಮ ಮಾಡುತ್ತಿದ್ದ ಜಗಳವನ್ನೇ ಸ್ಟೀರಾಯ್ಡ್ ನಿಲ್ಲಿಸಿರುತ್ತದೆ.

ಟ್ಯೂಬ್ ಓದಿ ಆದಮೇಲೆ ಬೆಳಕು. ನನ್ನ ಪರೀಕ್ಷೆಯ ಮಂಚ ಕಿಟಕಿಯ ಪಕ್ಕ ಇದೆ. ಟ್ಯೂಬ್‌ಲೈಟಿನಲ್ಲಿ ಎಷ್ಟೋ ಸಲ ಮಸುಕಾದ ಬಿಳಿ ಮಚ್ಚೆ ಕಾಣಿಸುವುದೇ ಇಲ್ಲ. ಹಗಲ ಬೆಳಕಿನಲ್ಲಿ ಅಡ್ಡಲಾಗಿ ನೋಡಿದರೆ ಮೇಲೆದ್ದ ಅಂಚು, ಹೊಟ್ಟು, ಒಣಗಿದ ಜಾಗ ಎಲ್ಲಾ ಕಾಣುತ್ತದೆ. ತೋರಿಸಿದ ಜಾಗವನ್ನಷ್ಟೇ ನೋಡಿ ಕಳಿಸುವುದು ನನಗೆ ಒಗ್ಗುವುದಿಲ್ಲ. ತಲೆಯ ಹೊಟ್ಟಿಗೆ ಶಾಂಪೂ ಕೇಳಲು ಬಂದವರ ಮೊಣಕೈ ನೋಡಿದರೆ ಬೆಳ್ಳಿಯ ಹಾಗೆ ಹೊಳೆಯುವ ಪದರ, ಉಗುರಿನಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿಗಳು. ಅದು ಸೋರಿಯಾಸಿಸ್. ಶಾಂಪೂ ಬದಲಾಯಿಸುತ್ತಾ ಹೋದರೆ ಗೊತ್ತಾಗುವುದಿಲ್ಲ.

ಆಮೇಲೆ ಮುಟ್ಟುತ್ತೇನೆ. ಕೈಗವಸು ಹಾಕದೆ, ಹುಣ್ಣು ಇಲ್ಲದಿದ್ದರೆ. ಮಟ್ಟಸವಾಗಿದೆಯೋ, ಎದ್ದಿದೆಯೋ, ಗಂಟು ಆಳದಲ್ಲಿದೆಯೋ? ಕೆಂಪು ಚುಕ್ಕೆಗಳಿದ್ದರೆ ಮೈಕ್ರೋಸ್ಕೋಪಿನ ಗಾಜಿನ ಸ್ಲೈಡ್ ಒತ್ತಿ ನೋಡುತ್ತೇನೆ. ಒತ್ತಿದಾಗ ಕೆಂಪು ಮಾಯವಾದರೆ ರಕ್ತ ನಾಳದ ಒಳಗೇ ಇದೆ. ಮಾಯವಾಗದಿದ್ದರೆ ರಕ್ತ ಹೊರಗೆ ಸೋರಿದೆ. ಜ್ವರವೂ ಇದ್ದರೆ ಮುಲಾಮಿನ ಮಾತೇ ಇಲ್ಲ, ಆವತ್ತೇ ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ.

ಆಕಾರವೂ ತುಂಬಾ ಹೇಳುತ್ತದೆ. ಹೊರಗಿನಿಂದ ತಗುಲಿದ್ದು ಸಾಮಾನ್ಯವಾಗಿ ಗೆರೆ ಎಳೆದ ಹಾಗೆ, ಚೆಲ್ಲಿದ ಹಾಗೆ ಇರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ತುಟಿ ಸುತ್ತ ಕಪ್ಪಾಗಿ ಸುಟ್ಟ ಮಕ್ಕಳು ಬರುತ್ತಾರೆ. ಹಸಿ ಗೇರುಬೀಜ ಹಲ್ಲಿನಲ್ಲಿ ಕಚ್ಚಿದ್ದು! ಗೇರು ಸಿಪ್ಪೆಯ ಎಣ್ಣೆಯಲ್ಲಿ ಚರ್ಮ ಸುಡುವ ಅಂಶ ಇದೆ. ಬೀಜದ ಫ್ಯಾಕ್ಟರಿಯಲ್ಲಿ ಒಡೆಯುವ ಹೆಂಗಸರ ಬೆರಳ ತುದಿಯಲ್ಲೂ ಇದೇ ಕಥೆ. ಮಾವಿನ ಸೊನೆಯೂ ಇದೇ ಜಾತಿ, ಎರಡೂ ಒಂದೇ ಕುಟುಂಬದ ಮರಗಳು.

ಮಳೆಗಾಲದಲ್ಲಿ ಬರುವುದು ಬೇರೆ. ರಾತ್ರಿ ಮಲಗಿ ಎದ್ದ ಒಂದೆರಡು ದಿನಕ್ಕೆ ಕುತ್ತಿಗೆ ಮೇಲೆ ಉದ್ದ ಗೆರೆ, ಉರಿ, ಮಧ್ಯ ಸಣ್ಣ ಕೀವು ಗುಳ್ಳೆ. ‘ಸರ್ಪಸುತ್ತು’ ಅಂತ ಹೆದರಿ ಓಡಿ ಬರುತ್ತಾರೆ. ಸರ್ಪಸುತ್ತಲ್ಲ. ಗದ್ದೆ ಬದಿಯ ಒಂದು ಹುಳ ದೀಪಕ್ಕೆ ಬರುತ್ತದೆ, ಇರುವೆಗಿಂತ ಸ್ವಲ್ಪ ಉದ್ದ, ಕಿತ್ತಳೆ ಮತ್ತು ಕಪ್ಪು ಪಟ್ಟೆ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ನಾವು ಒರೆಸಿ ಜಜ್ಜುತ್ತೇವೆ, ಒಳಗಿನ ರಸ ಹರಿದಷ್ಟು ಜಾಗ ಸುಡುತ್ತದೆ. ಮೊಣಕೈ ಮಡಿಕೆಯಲ್ಲಿ ಆದರೆ ಇನ್ನೂ ಸುಲಭ: ಮೇಲೊಂದು, ಕೆಳಗೊಂದು, ಕೈ ಮಡಿಸಿದರೆ ಎರಡೂ ಸರಿಯಾಗಿ ಒಂದರ ಮೇಲೊಂದು ಕೂರುತ್ತವೆ. ಸೋಪಿನಲ್ಲಿ ತೊಳೆದು, ನಾಲ್ಕಾರು ದಿನ ಮುಲಾಮು ಹಚ್ಚಿದರೆ ಆಯಿತು. ಮೈಮೇಲೆ ಹುಳ ಕಂಡರೆ ಹೊಡೆಯಬೇಡಿ, ಊದಿಬಿಡಿ.

ನಿಜವಾದ ಸರ್ಪಸುತ್ತಿನದು ಬೇರೆ ಲೆಕ್ಕ. ಅದು ಮೈಯ ಒಂದೇ ಬದಿಗೆ, ಒಂದು ನರದ ದಾರಿ ಹಿಡಿದು ಬರುತ್ತದೆ. ಗುಳ್ಳೆ ಏಳುವ ಮೊದಲೇ ಅಲ್ಲಿ ನೋವು ಶುರುವಾಗಿರುತ್ತದೆ. ಚಿಕ್ಕಂದಿನಲ್ಲಿ ಸಿಡುಬಿನ ಹಾಗೆ ಬಂದು ಹೋದ ಚಿಕನ್‌ಪಾಕ್ಸ್ ವೈರಸ್ ನರದ ಬುಡದಲ್ಲಿ ಮಲಗಿದ್ದು, ವಯಸ್ಸಾದಾಗ ಏಳುತ್ತದೆ. ಕೆಮ್ಮಣ್ಣು ಹಚ್ಚಿಕೊಂಡು ಬಂದರೆ ನಾನು ಬೈಯುವುದಿಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ಮಾತ್ರೆ ಶುರುವಾದರೆ ಸಾಕು. ತಡವಾದರೆ, ಅದರಲ್ಲೂ ವಯಸ್ಸಾದವರಿಗೆ, ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ನೋವು ಉಳಿಯುವ ಸಾಧ್ಯತೆ ಜಾಸ್ತಿ. ಕಣ್ಣಿನ ಸುತ್ತ, ಮೂಗಿನ ತುದಿಗೆ ಬಂದರೆ ಆವತ್ತೇ ಕಣ್ಣಿನ ಡಾಕ್ಟರ್.

ಇನ್ನು ನನ್ನ ಹೊತ್ತು ಹೆಚ್ಚು ತಿನ್ನುವ ಕಾಯಿಲೆ, ಗಜಕರ್ಣ. ಹುಳುಕಡ್ಡಿ ಅನ್ನಿ, ರಿಂಗ್‌ವರ್ಮ್ ಅನ್ನಿ. ಹುಳ ಏನೂ ಇಲ್ಲ, ಅದು ಫಂಗಸ್. ಮೊದಲಿನ ಹಾಗೆ ಇದ್ದರೆ ಗುರುತು ಹಿಡಿಯಲು ಡಾಕ್ಟರೇ ಬೇಡ: ಬಳೆಯಂತೆ ಎದ್ದ ಕೆಂಪು ಅಂಚು, ಮಧ್ಯ ತಿಳಿ. ಈಗ ಬರುವುದು ಹಾಗಿರುವುದಿಲ್ಲ. ಬಳೆಯೊಳಗೆ ಬಳೆ, ಅಂಚು ಹರಿದು ಹೋದದ್ದು, ಸೊಂಟ ಪೂರ್ತಿ ಹರಡಿದ ಕಂದು ಕಲೆ. ಎಲ್ಲಾ ಆ ಟ್ಯೂಬಿನ ಕೆಲಸ.

ಸಂಶಯ ಬಂದಾಗ ನಾನು ಕೆರೆದು ನೋಡುತ್ತೇನೆ. ಸ್ಪಿರಿಟ್ಟಿನಲ್ಲಿ ಒರೆಸಿ, ಕೆಳಗೆ ಸ್ಲೈಡ್ ಹಿಡಿದು, ಬ್ಲೇಡಿನ ಮೊಂಡು ಬದಿಯಿಂದ ಅಂಚನ್ನು ಮೆಲ್ಲಗೆ ಕೆರೆಯುವುದು. ಮಧ್ಯ ಅಲ್ಲ, ಅಂಚು. ಫಂಗಸ್ ಬೆಳೆಯುತ್ತಿರುವುದು ಅಲ್ಲಿ. ರವೆಗಿಂತ ಸಣ್ಣ ಹೊಟ್ಟು ಸ್ಲೈಡಿಗೆ ಬೀಳುತ್ತದೆ. ಅದರ ಮೇಲೆ 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ, ಮೇಲೊಂದು ತೆಳು ಗಾಜು. ಹತ್ತು ಹದಿನೈದು ನಿಮಿಷ ಬಿಡಬೇಕು. ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ. ಮೈಕ್ರೋಸ್ಕೋಪಿನ ಬೆಳಕು ಸ್ವಲ್ಪ ಕಮ್ಮಿ ಮಾಡಿ ನೋಡಿದರೆ ಕೋಶಗಳ ಗಡಿ ಲೆಕ್ಕಿಸದೆ ಹಾದುಹೋಗುವ, ಕವಲೊಡೆದ ಎಳೆಗಳು ಕಾಣುತ್ತವೆ. ಸ್ಟೀರಾಯ್ಡ್ ಹಚ್ಚಿದವರ ಸ್ಲೈಡಿನಲ್ಲಿ ಎಳೆಗಳು ಕಿಕ್ಕಿರಿದಿರುತ್ತವೆ. ಒಪ್ಪದ ರೋಗಿಗೆ ನಾನು ಅದನ್ನೇ ತೋರಿಸುವುದು. ‘ಇದು ನಿಮ್ಮ ತೊಡೆಯದ್ದು ನೋಡಿ’ ಅಂದಮೇಲೆ ಟ್ಯೂಬಿನ ಪರವಾಗಿ ಯಾರೂ ವಾದ ಮಾಡಿಲ್ಲ.

ಚಿಕಿತ್ಸೆಯೂ ಮೊದಲಿನಷ್ಟು ಸಲೀಸಲ್ಲ. ಓದುವ ಕಾಲದಲ್ಲಿ ಟರ್ಬಿನಾಫಿನ್ ಎರಡು ವಾರ ಕೊಟ್ಟರೆ ಸಾಕು ಅಂತ ಕಲಿತಿದ್ದೆವು. ಈಗ ನಮ್ಮ ದೇಶದಲ್ಲಿ ಹರಡಿರುವ ತಳಿಗೆ ಆ ಮಾತ್ರೆ ಎಷ್ಟೋ ಸಲ ನಾಟುವುದೇ ಇಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಸೇರಿಕೊಂಡಿದೆ, ಹೆಮ್ಮೆ ಪಡುವ ಸಂಗತಿಯೇನಲ್ಲ. ನಾನು ಹೆಚ್ಚಾಗಿ ಇಟ್ರಾಕೊನಜೋಲ್ ಕೊಡುತ್ತೇನೆ. ಅದರ ಕ್ಯಾಪ್ಸೂಲ್ ಊಟದ ಜೊತೆ ತಗೋಬೇಕು, ಗ್ಯಾಸ್ ಮಾತ್ರೆಯ ಜೊತೆ ತಗೊಂಡರೆ ಹೊಟ್ಟೆ ಅದನ್ನು ಸರಿಯಾಗಿ ಹೀರುವುದಿಲ್ಲ. ಹಾರ್ಟ್ ಫೇಲ್ಯೂರ್ ಇರುವವರಿಗೆ, ಬಸುರಿಯರಿಗೆ ಕೊಡುವಂತಿಲ್ಲ, ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಜೊತೆಯೂ ಆಗದು. ಅದಕ್ಕೇ ಪಕ್ಕದ ಮನೆಯವರ ಚೀಟಿ ತೋರಿಸಿ ತರುವ ಔಷಧಿ ಅಲ್ಲ ಇದು. ಮುಲಾಮನ್ನು ಕಲೆಯ ಅಂಚು ದಾಟಿ ಎರಡು ಸೆಂಟಿಮೀಟರ್ ಹೊರಗೂ ಹಚ್ಚಬೇಕು, ಕಲೆ ಹೋದಮೇಲೆ ಇನ್ನೂ ಎರಡು ವಾರ.

ಮಾತ್ರೆಗಿಂತ ಜಾಸ್ತಿ ಹೊತ್ತು ನಾನು ಬಟ್ಟೆಯ ಬಗ್ಗೆ ಮಾತಾಡುತ್ತೇನೆ. ಒಬ್ಬೊಬ್ಬರಿಗೆ ಬೇರೆ ಟವೆಲ್. ಒಳ ಉಡುಪು ಬಿಸಿ ನೀರಿನಲ್ಲಿ ಒಗೆದು, ಒಳಮಗ್ಗುಲು ಮೇಲೆ ಮಾಡಿ ಬಿಸಿಲಿಗೆ. ನಮ್ಮ ಊರಿನ ಜೂನ್, ಜುಲೈನಲ್ಲಿ ಬಿಸಿಲು ಎಲ್ಲಿಂದ ತರುವುದು ಅಂತ ಕೇಳುತ್ತಾರೆ, ನ್ಯಾಯವೇ. ಆಗ ಇಸ್ತ್ರಿ ಹಾಕಿ ಅನ್ನುತ್ತೇನೆ. ಇನ್ನೊಂದು ಉಡಿದಾರ. ಸೊಂಟದ ಸುತ್ತ ಗಜಕರ್ಣ ಬಂದು ಬಂದು ಹೋಗುತ್ತಿದ್ದರೆ ಆ ದಾರವನ್ನು ನೋಡಿ. ಬೆವರು ಹೀರಿ ಕಪ್ಪಾಗಿ ಫಂಗಸ್ಸನ್ನು ಹೊತ್ತುಕೊಂಡೇ ಇರುತ್ತದೆ. ‘ಡಾಕ್ಟ್ರೇ, ಅದನ್ನ ತೆಗೀಬಾರ್ದಂತೆ’ ಅಂತ ಅಜ್ಜ ಒಬ್ಬರು ಹಟ ಹಿಡಿದರು. ಹಳೆಯದನ್ನು ಬಿಚ್ಚಿ, ಗುಣವಾಗುವ ತನಕ ವಾರವಾರ ಹೊಸದು ಕಟ್ಟಿಕೊಳ್ಳುವ ಒಪ್ಪಂದಕ್ಕೆ ಬಂದೆವು.

ತೊಡೆಸಂದಿಗೆ ಆ ಟ್ಯೂಬ್ ತಿಂಗಳುಗಟ್ಟಲೆ ಹಚ್ಚಿದ ಹುಡುಗರಲ್ಲಿ ಚರ್ಮ ತೆಳುವಾಗಿ, ಬಸಿರಿನ ನಂತರ ಹೊಟ್ಟೆಯಲ್ಲಿ ಕಾಣುವಂಥ ಬಿರುಕುಗಳು ಬೀಳುತ್ತವೆ. ಫಂಗಸ್ ಹೋಗುತ್ತದೆ, ಆ ಬಿರುಕು ಹೋಗುವುದಿಲ್ಲ. ಮುಖದ ಬಂಗಿಗೆ, ಬೆಳ್ಳಗಾಗಲು ಹಚ್ಚಿಕೊಂಡವರದು ಇನ್ನೂ ಕಷ್ಟ. ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ, ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ, ಹಾಗಾಗಿ ಬಿಡಲಾಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿತು. ಆದೇಶ ಆದೇಶದ ಪಾಡಿಗಿದೆ, ಚೀಲ ಬರುತ್ತಲೇ ಇದೆ.

ಕಜ್ಜಿಯಲ್ಲೂ ಈ ಟ್ಯೂಬಿನ ಕಾಟ ಇದ್ದದ್ದೇ. ರಾತ್ರಿ ತುರಿಕೆ ಜಾಸ್ತಿ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ ಅಂದರೆ ನಾನು ಹೆಚ್ಚು ಯೋಚಿಸುವುದಿಲ್ಲ. 5 ಶೇಕಡಾ ಪರ್ಮೆಥ್ರಿನ್ ಮುಲಾಮು ಕುತ್ತಿಗೆಯಿಂದ ಪಾದದವರೆಗೆ, ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ, ವಾರದ ನಂತರ ಇನ್ನೊಮ್ಮೆ. ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲಾ ಒಂದೇ ರಾತ್ರಿ ಹಚ್ಚಬೇಕು. ಕಜ್ಜಿ ತರುವ ಸಣ್ಣ ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಔಷಧಿ ಸರಿಯಿಲ್ಲ ಅಂತ ದಿನಾ ಹಚ್ಚಿ ಚರ್ಮ ಕೆಡಿಸಿಕೊಳ್ಳುತ್ತಾರೆ.

ಬಿಳಿ ಮಚ್ಚೆಗೆ ಮಾತ್ರ ನಾನು ಅವಸರ ಮಾಡುವುದೇ ಇಲ್ಲ. ಎದೆ, ಬೆನ್ನಿನಲ್ಲಿ ಮಸುಕು ಮಚ್ಚೆ, ಉಗುರಿನಿಂದ ಗೀರಿದರೆ ಪುಡಿ ಉದುರಿದರೆ ಅದು ಚಿಬ್ಬು. ಬೆವರಿನ ಫಂಗಸ್, ಕೀಟೊಕೊನಜೋಲ್ ಸಾಕು, ಬಣ್ಣ ಬರಲು ಮಾತ್ರ ತಿಂಗಳುಗಳು ಬೇಕು. ಹಾಲಿನಂತೆ ಅಚ್ಚ ಬಿಳಿ, ಮೇಲಿನ ಕೂದಲೂ ಬೆಳ್ಳಗಾಗಿದ್ದರೆ ತೊನ್ನು. ಸ್ಪರ್ಶ ಪೂರ್ತಿ ಇರುತ್ತದೆ, ಮುಟ್ಟಿದರೆ ಅಂಟುವುದಿಲ್ಲ. ಇವೆರಡೂ ಅಲ್ಲದೆ ಸ್ವಲ್ಪ ತಿಳಿ ಬಣ್ಣ ಅಥವಾ ತಾಮ್ರದ ಕೆಂಪು, ಒಣಗಿದ್ದು, ಕೂದಲು ಕಮ್ಮಿ, ತುರಿಕೆ ಇಲ್ಲ ಅಂದರೆ ಹತ್ತಿ ತೆಗೆಯುತ್ತೇನೆ.

ಹತ್ತಿಯ ಎಳೆಯನ್ನು ಹೊಸೆದು ತುದಿ ಚೂಪು ಮಾಡುವುದು. ಮೊದಲು ಕಣ್ಣು ತೆರೆದಿರುವಾಗ ಸರಿಯಾದ ಚರ್ಮಕ್ಕೆ ತಾಗಿಸಿ ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ, ‘ಮುಟ್ಟಿದಲ್ಲಿ ಬೆರಳಿಡಿ ಅಕ್ಕಾ’ ಅನ್ನುತ್ತೇನೆ. ಮೀನು ಮಾರುವ ಒಬ್ಬರು ತೋಳಿನ ಮಚ್ಚೆ ತೋರಿಸಲು ಬಂದಿದ್ದರು, ಅದಕ್ಕೂ ಟ್ಯೂಬ್ ಹಚ್ಚಿಯಾಗಿತ್ತು. ಮಚ್ಚೆಯ ಆಚೆ ಮುಟ್ಟಿದಾಗ ಬೆರಳು ಥಟ್ಟನೆ ಬಂತು. ಮಚ್ಚೆಯೊಳಗೆ ಮುಟ್ಟಿದೆ. ಬೆರಳು ಏಳಲಿಲ್ಲ. ‘ಶುರು ಮಾಡಿ ಡಾಕ್ಟ್ರೇ’ ಅಂದರು. ಮೊಣಕೈ ಹಿಂದಿನ ನರ ಒತ್ತಿ ನೋಡಿದೆ, ಹಗ್ಗದಂತೆ ದಪ್ಪವಾಗಿತ್ತು. ಕುಷ್ಠ.

ಈ ಹೆಸರು ಹೇಳುವಾಗ ಬಾಗಿಲು ಹಾಕುತ್ತೇನೆ. ಆಕೆ ಮೊದಲು ಕೇಳಿದ್ದು ಕಾಯಿಲೆಯ ಬಗ್ಗೆ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುತ್ತಾರಾ ಅಂತ. ಹೆದರಿಕೆ ಸುಮ್ನೆ ಬಂದದ್ದಲ್ಲ. 2019ರಲ್ಲಿ ಕಾನೂನು ತಿದ್ದುವ ತನಕ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿಯೇ ಇತ್ತು. ನಾನು ಹೇಳಿದ್ದು ಇಷ್ಟು: ಇದು ಬ್ಯಾಕ್ಟೀರಿಯಾ, ಶಾಪ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪೂರ್ತಿ ಉಚಿತ. ಮಚ್ಚೆ ಕಮ್ಮಿ ಇದ್ದರೆ ಆರು ತಿಂಗಳು, ಜಾಸ್ತಿ ಇದ್ದರೆ ಒಂದು ವರ್ಷ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಒಂದೇ ತಟ್ಟೆ, ಒಂದೇ ಮನೆ, ಏನೂ ತೊಂದರೆ ಇಲ್ಲ. ಮನೆಯವರನ್ನೂ ಪರೀಕ್ಷೆ ಮಾಡಿ, ಬೇಕಾದವರಿಗೆ ಕಾಯಿಲೆ ಬಾರದಿರಲಿ ಅಂತ ರಿಫಾಂಪಿಸಿನ್ ಮಾತ್ರೆ ಒಂದು ಡೋಸ್ ಕೊಡುತ್ತಾರೆ.

ಮಾತ್ರೆ ನಡೆಯುವಾಗ ಮಚ್ಚೆ ಕೆಂಪಾಗಿ ಊದಿದರೆ, ನರ ನೋಯುತ್ತಿದ್ದರೆ, ಬೆರಳಿನ ಬಲ ಕಮ್ಮಿಯಾದರೆ ಅದೇ ದಿನ ಬರಲು ಹೇಳಿದ್ದೆ. ಎರಡನೇ ತಿಂಗಳಲ್ಲಿ ಬಂದರು, ಕಿರುಬೆರಳು ಸ್ವಲ್ಪ ಬಾಗತೊಡಗಿತ್ತು. ಆಗ ನಾನು ಬರೆದದ್ದು ಪ್ರೆಡ್ನಿಸೊಲೋನ್. ಹೌದು, ಸ್ಟೀರಾಯ್ಡೇ. ನರ ಉಳಿಸಲು ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ. ನಿಧಾನಕ್ಕೆ ಡೋಸ್ ಇಳಿಸುತ್ತಾ ಬಂದೆವು, ಕುಷ್ಠದ ಮಾತ್ರೆ ನಿಲ್ಲಿಸಲಿಲ್ಲ. ಬೆರಳು ನೆಟ್ಟಗಾಯಿತು. ಮಚ್ಚೆಯೊಳಗಿನ ಸ್ಪರ್ಶ ಪೂರ್ತಿ ಬಂದಿಲ್ಲ, ಒಲೆ ಹತ್ತಿರ ಆ ತೋಳು ಹುಷಾರು ಅಂತ ಹೇಳಿ ಕಳಿಸಿದ್ದೇನೆ.