ಎರಡನೇ ವರ್ಷದಲ್ಲಿ ಕಾಲೇಜ್ ಬದಲಿಸಿದ್ದು: ನನ್ನ ಟ್ರಾನ್ಸ್‌ಫರ್ ಅನುಭವ

ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗೆ ಬರೋ ಬೆಂಗ್ಳೂರಿನ ಒಂದು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಓದ್ತಿದ್ದೆ, ಮೂರು ಸೆಮ್ ಮುಗಿಸಿ ಈಗ ಅಮೆರಿಕದ ಒಂದು ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ತಗೊಂಡು ಹೋಗ್ತಿದ್ದೀನಿ, ಮುಂದಿನ ವಾರ ಫ್ಲೈಟ್. ವಿಷಯ ಗೊತ್ತಾದೋರೆಲ್ಲ ಕೇಳೋದು ಒಂದೇ, ಬಿಇ ಮಧ್ಯದಲ್ಲಿ ಬಿಟ್ಟು ಹಾಗೆ ಹೋಗಕ್ಕೆ ಆಗತ್ತಾ ಅಂತ. ಆಗತ್ತೆ. ಆದ್ರೆ ಹೇಗೆ ಅಂತ ಹೇಳೋರು ನಮ್ಮ ಕಡೆ ಯಾರೂ ಸಿಗಲ್ಲ. ನಂಗೂ ಸಿಗ್ಲಿಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ. ಯೂನಿವರ್ಸಿಟಿ ಹೆಸರು ಬರೆಯಲ್ಲ, ಬರೆದ್ರೆ ಎಲ್ಲರ ಗಮನ ಆ ಹೆಸರಿಗೇ ಹೋಗತ್ತೆ, ಮಾಡಿದ ಕೆಲಸದ ಕಡೆ ಹೋಗಲ್ಲ.

ಮೊದ್ಲು ಯಾಕೆ ಅನ್ನೋದು ಹೇಳ್ಬೇಕು, ಯಾಕಂದ್ರೆ ಇಡೀ ಅಪ್ಲಿಕೇಶನ್ ನಿಂತಿರೋದು ಅದರ ಮೇಲೆ. ಅಪ್ಪಂದು ಸುಲ್ತಾನ್‌ಪೇಟೆಲಿ ಲಗ್ನಪತ್ರಿಕೆ ಪ್ರಿಂಟ್ ಮಾಡೋ ಸಣ್ಣ ಅಂಗಡಿ. ಡಿಟಿಪಿ ಕೂಡ ಅವರೇ ಮಾಡ್ತಾರೆ. ಇಪ್ಪತ್ತು ವರ್ಷದ ಫೈಲುಗಳು ಒಂದು ಹಳೇ ಹಾರ್ಡ್ ಡಿಸ್ಕಲ್ಲಿ ಇದ್ವು, ಎಲ್ಲಾ ಯೂನಿಕೋಡ್‌ಗಿಂತ (ಯಾವ ಕಂಪ್ಯೂಟರಲ್ಲಾದ್ರೂ ಓದಬಹುದಾದ ಈಗಿನ ಅಕ್ಷರ ಪದ್ಧತಿ) ಮುಂಚಿನ ಕನ್ನಡ ಫಾಂಟಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣತ್ತೆ, ಒಂದು ಹೆಸರು ಹುಡುಕಕ್ಕೂ ಆಗಲ್ಲ. ಫಸ್ಟ್ ಸೆಮ್ ರಜದಲ್ಲಿ ಅದನ್ನ ಯೂನಿಕೋಡ್‌ಗೆ ತರೋಣ ಅಂತ ಪೈಥಾನಲ್ಲಿ ಒಂದು ಸ್ಕ್ರಿಪ್ಟ್ ಬರೆಯಕ್ಕೆ ಕೂತೆ, ಎರಡು ದಿನದ ಕೆಲಸ ಅನ್ಕೊಂಡಿದ್ದೆ, ನಾಲ್ಕು ತಿಂಗಳಾಯ್ತು. ಅರ್ಕಾವೊತ್ತು ಇದೆಯಲ್ಲ, ಅದೇ ಸಿಕ್ಕಿಹಾಕಿಸಿದ್ದು. ಹಳೇ ಫಾಂಟಲ್ಲಿ ಕಣ್ಣಿಗೆ ಕಾಣೋ ಕ್ರಮದಲ್ಲೇ ಕೂತಿರತ್ತೆ, ಅಂದ್ರೆ ಅಕ್ಷರ ಆದ್ಮೇಲೆ ಅರ್ಕ. ಯೂನಿಕೋಡಲ್ಲಿ ಉಚ್ಚಾರಣೆ ಕ್ರಮ, ರ ಮತ್ತು ಹಲಂತ ಮೊದ್ಲು, ಆಮೇಲೆ ಅಕ್ಷರ. ಲಗ್ನಪತ್ರಿಕೆ ತುಂಬಾ ಇರೋದೇ ಮುಹೂರ್ತ, ಆಶೀರ್ವಾದ, ಇಂಥ ಪದಗಳು! ಆ ಕೆಲಸ ಮಾಡ್ತಾ ಮಾಡ್ತಾ ನಂಗೆ ಕೋಡಿಂಗ್‌ಗಿಂತ ಜಾಸ್ತಿ ಹಿಡಿಸಿದ್ದು ಭಾಷೆ. ಬರಹ ಯಾಕೆ ಹಿಂಗಿದೆ, ಸಂಧಿಯಾದ ಪದನ ಮಷೀನ್ ಹೆಂಗೆ ಬಿಡಿಸ್ಬೇಕು, ಇಂಥ ಪ್ರಶ್ನೆಗಳು. ಲಿಂಗ್ವಿಸ್ಟಿಕ್ಸ್, ಅಂದ್ರೆ ಭಾಷಾವಿಜ್ಞಾನ ಅನ್ನೋ ಸಬ್ಜೆಕ್ಟ್ ಇದೆ ಅಂತ ನಂಗೆ ಸರಿಯಾಗಿ ಗೊತ್ತಾಗಿದ್ದೇ ಆಗ. ಬಿಇಲಿ ಅದು ಇಲ್ಲ. ಕಂಪ್ಯೂಟರ್ ಸೈನ್ಸ್ ಜೊತೆಗೆ ಅದನ್ನೂ ಓದ್ಬೇಕು ಅಂದ್ರೆ ಇಲ್ಲಿ ನಂಗೆ ದಾರಿ ಕಾಣಲಿಲ್ಲ.

ಜಯನಗರದಲ್ಲಿ ಒಂದು ಕನ್ಸಲ್ಟೆನ್ಸಿಗೆ ಹೋದೆ. ಅಲ್ಲಿದ್ದೋರು ಟ್ರಾನ್ಸ್‌ಫರ್ ಅಂದ ತಕ್ಷಣ ಬೇಡ ಅಂದ್ರು, ಬಿಇ ಮುಗಿಸಿ ಎಂಎಸ್‌ಗೆ ಹೋಗಿ, ಎಲ್ಲರೂ ಹಂಗೇ ಮಾಡೋದು ಅಂತ. ನಮ್ಮ ಮಾವನೂ ಅದೇ ಹೇಳಿದ್ರು. ತಪ್ಪು ಸಲಹೆ ಅಲ್ಲ ಅದು, ತುಂಬ ಜನಕ್ಕೆ ಅದೇ ಸರಿ. ಆದ್ರೆ ಎಂಎಸ್‌ಗೆ ಸ್ಕಾಲರ್‌ಶಿಪ್ ಸಿಗೋದು ಕಷ್ಟ, ನಮ್ಮನೇಲಿ ಅಷ್ಟು ಲೋನ್ ತಗೊಳ್ಳೋ ಶಕ್ತಿ ಇಲ್ಲ. ಅಂಡರ್‌ಗ್ರಾಜುಯೇಟ್ ಮಟ್ಟದಲ್ಲಿ ಕೆಲವು ಯೂನಿವರ್ಸಿಟಿ ಮನೆ ಆದಾಯ ನೋಡಿ ಪೂರ್ತಿ ಸಹಾಯ ಕೊಡ್ತಾರೆ ಅಂತ ಓದಿದ್ದೆ. ಅಷ್ಟೇ ನನ್ನ ಧೈರ್ಯ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ದೊಡ್ಡ ಹೆಸರುಗಳ ಕಡೆ ಹೋಗೋ ಮುಂಚೆ ಲೆಕ್ಕ ತಿಳ್ಕೊಳ್ಳಿ. ಯೇಲ್ ವರ್ಷಕ್ಕೆ 20–30 ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನ ಅಷ್ಟೇ ತಗೊಳ್ಳೋದು, ಅರ್ಜಿ ಹಾಕೋರು ಸಾವಿರಕ್ಕಿಂತ ಜಾಸ್ತಿ. ಪ್ರಿನ್ಸ್‌ಟನ್ ಅಂತೂ 1990ರಿಂದ ಟ್ರಾನ್ಸ್‌ಫರ್ ನಿಲ್ಲಿಸಿಬಿಟ್ಟಿತ್ತು, ಮತ್ತೆ ಶುರು ಮಾಡಿದ್ದು 2018ರಲ್ಲಿ. ಕಾರ್ನೆಲ್ ವರ್ಷಕ್ಕೆ ನೂರಾರು ಜನರನ್ನ ತಗೊಳತ್ತೆ, ಆದ್ರೆ ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲಿ ನೀಡ್-ಬ್ಲೈಂಡ್ ಇಲ್ಲ. ನೀಡ್-ಬ್ಲೈಂಡ್ ಅಂದ್ರೆ ನೀವು ದುಡ್ಡಿನ ಸಹಾಯ ಕೇಳಿದೀರೋ ಇಲ್ವೋ ಅನ್ನೋದನ್ನ ಸೀಟ್ ಕೊಡೋವಾಗ ನೋಡಲ್ಲ, ನೀಡ್-ಅವೇರ್ ಅಂದ್ರೆ ನೋಡ್ತಾರೆ. ಕ್ಯಾಲಿಫೋರ್ನಿಯಾದ ಯುಸಿಗಳು (ಆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು), ಬರ್ಕ್‌ಲಿ, ಯುಸಿಎಲ್‌ಎ ಎಲ್ಲ, ಸಾವಿರಾರು ಟ್ರಾನ್ಸ್‌ಫರ್ ತಗೊಳ್ತಾರೆ ನಿಜ, ಆದ್ರೆ ಆದ್ಯತೆ ಆ ರಾಜ್ಯದ ಕಮ್ಯುನಿಟಿ ಕಾಲೇಜ್ (ಎರಡು ವರ್ಷದ ಸ್ಥಳೀಯ ಕಾಲೇಜ್) ಮಕ್ಕಳಿಗೆ. ಫಸ್ಟ್ ಇಯರ್ ಅಡ್ಮಿಶನ್‌ಗೆ ವಿದೇಶಿಯರಿಗೆ ಸಹಾಯ ಕೊಡೋ ಎಷ್ಟೋ ಕಡೆ ವಿದೇಶಿ ಟ್ರಾನ್ಸ್‌ಫರ್‌ಗೆ ಮಾತ್ರ ಕೊಡಲ್ಲ ಅಂತ ಸಣ್ಣದಾಗಿ ಬರೆದಿರ್ತಾರೆ, ಆ ಒಂದು ಸಾಲು ಹುಡುಕೋದಕ್ಕೇ ನಾನು ಎರಡು ವಾರ ಕೂತಿದ್ದೆ. ಕೊನೆಗೆ ಆರು ಉಳೀತು. ಆರಕ್ಕೂ ಇಮೇಲ್ ಹಾಕಿ ಕೇಳಿದೆ, ವಿದೇಶಿ ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಎಯ್ಡ್ ಇದೆಯಾ ಅಂತ, ಆರೂ ಜನ ಉತ್ತರ ಕೊಟ್ರು. ಕೇಳಕ್ಕೆ ಹಿಂಜರೀಬೇಡಿ.

ಡೆಡ್‌ಲೈನ್ ಬಹುತೇಕ ಮಾರ್ಚ್ 1 ಅಥ್ವಾ 15, ಆಗಸ್ಟ್-ಸೆಪ್ಟೆಂಬರಲ್ಲಿ ಸೇರೋದಕ್ಕೆ. ಯುಸಿಗಳದ್ದು ಮಾತ್ರ ಹಿಂದಿನ ನವೆಂಬರ್ ಕೊನೆಗೇ ಮುಗಿಯತ್ತೆ. ಯುಸಿಗಳಿಗೆ ಅವರದ್ದೇ ಬೇರೆ ಅರ್ಜಿ, ಉಳಿದ ಬಹುತೇಕ ಕಡೆಗೆ ಕಾಮನ್ ಆ್ಯಪ್ (ಹಲವು ಕಾಲೇಜಿಗೆ ಒಂದೇ ಕಡೆಯಿಂದ ಅರ್ಜಿ ಹಾಕೋ ವೆಬ್‌ಸೈಟ್), ಆದ್ರೆ ಅಲ್ಲಿ ಫಸ್ಟ್ ಇಯರ್ ಫಾರ್ಮ್ ಬೇರೆ, ಟ್ರಾನ್ಸ್‌ಫರ್ ಫಾರ್ಮ್ ಬೇರೆ, ನೋಡ್ಕೊಂಡು ತೆಗೀರಿ. ಫೀಸ್ ಒಂದೊಂದಕ್ಕೂ 80 ಡಾಲರ್ ಆಸುಪಾಸು, ಕಷ್ಟ ಇದ್ರೆ ಫೀ ವೇವರ್ ಕೇಳಬಹುದು, ನಂಗೆ ಸಿಕ್ತು. ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆ ನಾನು ಅಕ್ಟೋಬರಲ್ಲೇ ಮುಗಿಸಿದ್ದೆ, ಅದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಸಿಜಿಪಿಎ 10ಕ್ಕೆ ಎಷ್ಟಿದೆಯೋ ಅಷ್ಟೇ ಬರೆದೆ, ಅವರು ಕೇಳದೇ ನಾವೇ 4ಕ್ಕೆ ಬದಲಿಸಿ ಬರೆಯೋದು ಬೇಡ.

ನಿಜವಾದ ಕಷ್ಟ ಇದ್ದಿದ್ದು ನಮ್ಮ ಕಾಲೇಜ್ ಆಫೀಸಲ್ಲಿ. ಕಾಲೇಜ್ ರಿಪೋರ್ಟ್ ಅಂತ ಒಂದು ಫಾರ್ಮ್ ಇದೆ, ಈ ವಿದ್ಯಾರ್ಥಿ ಸರಿಯಾಗಿ ಓದ್ತಿದ್ದಾಳಾ, ಶಿಸ್ತುಕ್ರಮ ಏನಾದ್ರೂ ಇದೆಯಾ ಅಂತ ಕಾಲೇಜೋರು ಬರೆದು ಸೀಲ್ ಹಾಕಿ ಕೊಡ್ಬೇಕು. ಕೌಂಟರಲ್ಲಿದ್ದ ಸೂಪರಿಂಟೆಂಡೆಂಟ್ ಅದನ್ನ ಎರಡು ಸಲ ತಿರುಗಿಸಿ ನೋಡಿ, "ಇಂಥದ್ದೆಲ್ಲ ನಾವು ಕೊಡಲ್ಲಮ್ಮ, ಬೇಕಿದ್ರೆ ಬೋನಾಫೈಡ್ ತಗೊಂಡ್ ಹೋಗು" ಅಂದ್ರು. ನಾಲ್ಕು ಸಲ ಹೋದೆ. ಪ್ರಿನ್ಸಿಪಾಲ್ ಹತ್ರ ಹೋಗಿದ್ದು ಐದನೇ ಸಲ, ಅದಕ್ಕೂ ಮುಂಚೆ ಒಂದು ಕೆಲಸ ಮಾಡಿದೆ: ಒಂದು ಪುಟದ ಪತ್ರ, ಅದರಲ್ಲಿ ಈ ಫಾರ್ಮ್ ಏನು, ಯಾವ ಕಾಲಂ ಯಾರು ತುಂಬ್ಬೇಕು, ಯಾವ ತಾರೀಕೊಳಗೆ ಬೇಕು, ಇದರಿಂದ ಕಾಲೇಜಿಗೆ ಯಾವ ಜವಾಬ್ದಾರಿನೂ ಬರಲ್ಲ ಅಂತ ಬಿಡಿಸಿ ಬರೆದು, ಜೊತೆಗೆ ಫಾರ್ಮ್‌ನ ಪೆನ್ಸಿಲಲ್ಲಿ ತುಂಬಿ ಒಂದು ಮಾದರಿ ಇಟ್ಟೆ. ಪ್ರಿನ್ಸಿಪಾಲ್ ಸರ್ ಹತ್ತು ನಿಮಿಷ ಓದಿ ಸೈನ್ ಹಾಕಿದ್ರು. ಅವರಿಗೆ ಅದು ಏನು ಅಂತ ಗೊತ್ತಿರ್ಲಿಲ್ಲ ಅಷ್ಟೇ, ಬೇಡ ಅನ್ನೋ ಮನಸ್ಸು ಇರ್ಲಿಲ್ಲ.

ಮಿಡ್-ಟರ್ಮ್ ರಿಪೋರ್ಟ್ ಇನ್ನೊಂದು ತಲೆನೋವು. ನಡೀತಿರೋ ಸೆಮ್‌ನ ಒಂದೊಂದು ಸಬ್ಜೆಕ್ಟಲ್ಲೂ ಈಗಿನ ಗ್ರೇಡ್ ಏನು ಅಂತ ಪಾಠ ಮಾಡೋರೇ ಬರೆದು ಸೈನ್ ಹಾಕ್ಬೇಕು. ನಮ್ಮಲ್ಲಿ ಸೆಮ್ ಮಧ್ಯ ಗ್ರೇಡ್ ಅನ್ನೋದೇ ಇಲ್ಲ, ಇರೋದು ಇಂಟರ್ನಲ್ಸ್. ಇಂಟರ್ನಲ್ಸ್ ಮಾರ್ಕ್ಸನ್ನೇ ಇಷ್ಟಕ್ಕೆ ಇಷ್ಟು ಅಂತ ಬರೆಸ್ಕೊಂಡೆ, ಜೊತೆಗೆ ನಮ್ಮ ಪದ್ಧತಿ ಹೆಂಗೆ, ಸಿಐಇ (ಸೆಮ್ ನಡೀತಿರೋವಾಗಿನ ಇಂಟರ್ನಲ್ಸ್) ಅಂದ್ರೇನು, ಎಸ್‌ಇಇ (ಸೆಮ್ ಕೊನೆ ಪರೀಕ್ಷೆ) ಅಂದ್ರೇನು, ರಿಸಲ್ಟ್ ಯಾವಾಗ ಬರತ್ತೆ ಅಂತ ಅಡಿಶನಲ್ ಇನ್ಫರ್ಮೇಶನ್ ಜಾಗದಲ್ಲಿ ಆರು ಸಾಲು ಬರೆದೆ. ಓದೋರು ಅಮೆರಿಕದಲ್ಲಿ ಕೂತಿರ್ತಾರೆ, ಫಿಸಿಕ್ಸ್ ಸೈಕಲ್ ಕೆಮಿಸ್ಟ್ರಿ ಸೈಕಲ್ (ಮೊದಲ ವರ್ಷ ಒಂದು ಸೆಮ್ ಒಂದು ಗುಂಪಿನ ಸಬ್ಜೆಕ್ಟ್, ಮುಂದಿನ ಸೆಮ್ ಇನ್ನೊಂದು) ಎಲ್ಲ ಅವರಿಗೆ ನಾವೇ ಹೇಳ್ಬೇಕು.

ಪಿಯು ದಾಖಲೆ ಕೂಡ ಕೇಳ್ತಾರೆ. ಬಸವನಗುಡಿಲಿರೋ ನನ್ನ ಪಿಯು ಕಾಲೇಜಿಗೆ ಹೋಗಿ ಮಾರ್ಕ್ಸ್‌ಕಾರ್ಡ್ ಕಾಪಿ ಅಟೆಸ್ಟ್ ಮಾಡಿಸಿ, ಕವರ್ ಅಂಟಿಸಿದ ಜಾಗದ ಮೇಲೆ ಸೈನ್, ಸೀಲ್ ಹಾಕಿಸ್ಕೊಂಡು ಬಂದೆ. ಅಲ್ಲಿ ಅರ್ಧ ಗಂಟೆಲಿ ಆಯ್ತು.

ಇನ್ನು ರೆಕಮೆಂಡೇಶನ್ ಲೆಟರ್. ನಮ್ಮಲ್ಲಿ ರೂಢಿ ಹೆಂಗೆ ಅಂದ್ರೆ ನೀನೇ ಬರ್ಕೊಂಡ್ ಬಾ, ನಾನು ಸೈನ್ ಹಾಕ್ತೀನಿ. ಮೊದ್ಲು ಕೇಳಿದ ಸರ್ ಹಂಗೇ ಅಂದ್ರು. ನಾನು ಬೇಡ ಅಂದೆ. ಬರೆದ ಕೈ ಯಾರದ್ದು ಅಂತ ಓದೋರಿಗೆ ತಿಳಿಯತ್ತೆ ಅನ್ನೋದು ಒಂದು, ಇನ್ನೊಂದು ಅದು ಸುಳ್ಳು. ಡೇಟಾ ಸ್ಟ್ರಕ್ಚರ್ಸ್ ಮೇಡಂ ಹತ್ರ ಹೋದೆ, ಅವರ ಲ್ಯಾಬಲ್ಲೇ ನಾನು ನನ್ನ ಸ್ಕ್ರಿಪ್ಟ್‌ನ ಎಷ್ಟೋ ಸಂಜೆ ಸರಿ ಮಾಡಿದ್ದು, ಟ್ರೈ ಅನ್ನೋ ರಚನೆ ಬಳಸಿದ್ರೆ ಪದ ಹುಡುಕೋದು ಬೇಗ ಆಗತ್ತೆ ಅಂತ ತೋರಿಸಿದ್ದೂ ಅವರೇ. "ಮೇಡಂ, ನೀವು ನೋಡಿದ್ದನ್ನ ಮಾತ್ರ ಬರೀರಿ" ಅಂತ ಹೇಳಿ, ಏನೇನು ಮಾಡಿದೆ ಅಂತ ನೆನಪಿಗೆ ಒಂದು ಪುಟ ಕೊಟ್ಟೆ. ಅವರು ಮೂರು ವಾರ ತಗೊಂಡ್ರು. ಜೀಮೇಲ್ ಬದಲು ಕಾಲೇಜ್ ಇಮೇಲಿಂದ ಕಳಿಸಿ ಅಂತ ಕೇಳ್ಕೊಳ್ಳಿ, ಅದು ಮುಖ್ಯ. ನಮ್ಮ ಮೇಡಂಗೆ ಆ ಐಡಿ ಪಾಸ್‌ವರ್ಡ್ ಮರೆತುಹೋಗಿತ್ತು, ಸಿಸ್ಟಮ್ ಅಡ್ಮಿನ್ ಹಿಂದೆ ನಾನೇ ಓಡಾಡಿ ರೀಸೆಟ್ ಮಾಡಿಸಿದೆ.

ಎಸ್ಸೇ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಯಾಕೆ ಬದಲಿಸ್ತಿದ್ದೀಯ, ಅಲ್ಲಿ ಬಂದು ಏನ್ ಮಾಡ್ಬೇಕು ಅಂತಿದ್ದೀಯ, ಇದೇ ಪ್ರಶ್ನೆ ಎಲ್ಲಾ ಕಡೆ ಬೇರೆ ಬೇರೆ ಮಾತಲ್ಲಿ ಬರತ್ತೆ. ನನ್ನ ಮೊದಲನೇ ಡ್ರಾಫ್ಟ್ ಪೂರ್ತಿ ಕಾಲೇಜ್ ಮೇಲಿನ ಸಿಟ್ಟು. ಅಟೆಂಡೆನ್ಸ್, ರೆಕಾರ್ಡ್ ಬುಕ್, ನೋಟ್ಸ್ ಬಾಯಿಪಾಠ, ಎಲ್ಲಾ ಬರೆದಿದ್ದೆ. ಅಕ್ಕ ಓದಿ ಒಂದೇ ಮಾತು ಕೇಳಿದ್ಲು: "ಇದರಲ್ಲಿ ನೀನೆಲ್ಲಿದೀಯ?" ಅಂತ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಅವಳು ಹೇಳಿದ್ದು ನಿಜ, ಮತ್ತೆ ಅದಕ್ಕಿಂತ ಹೆಚ್ಚಾಗಿ ನಾನು ಬರೆದಿದ್ದು ಅನ್ಯಾಯ ಅನಿಸ್ತು. ಲ್ಯಾಬ್ ಬಾಗಿಲು ತೆರೆದಿಟ್ಟ ಮೇಡಂ ಇದ್ದಿದ್ದು ಅದೇ ಕಾಲೇಜಲ್ಲಿ, ಲೈಬ್ರರಿಲಿ ಮೂಲೆಲಿದ್ದ ಆಟೊಮಾಟಾ ಪುಸ್ತಕ ಸಿಕ್ಕಿದ್ದೂ ಅಲ್ಲೇ. ಎರಡನೇ ಸಲ ಬರೆಯೋವಾಗ ಇಲ್ಲಿ ಏನು ಸಿಕ್ತು, ಅದನ್ನಿಟ್ಕೊಂಡು ನಾನು ಎಲ್ಲಿ ತನಕ ಹೋದೆ, ಎಲ್ಲಿ ದಾರಿ ನಿಂತುಹೋಯ್ತು, ಅಷ್ಟೇ ಬರೆದೆ. ಅರ್ಕಾವೊತ್ತಿಂದ ಶುರು ಮಾಡಿದೆ. ಕನ್ನಡ ಬರದೇ ಇರೋ ಒಬ್ಬರಿಗೆ ಅರ್ಕಾವೊತ್ತು ಅರ್ಥ ಮಾಡಿಸೋದು ಒಂದು ಪ್ಯಾರಾದಲ್ಲಿ ಆಗ್ಬೇಕಿತ್ತು, ಅದನ್ನ ಹದಿನೇಳು ಸಲ ತಿದ್ದಿದೆ. ಸಿಟ್ಟು ಇಟ್ಕೊಂಡು ಅರ್ಜಿ ಹಾಕೋ ಎಲ್ಲರಿಗೂ ನಾನು ಹೇಳೋದು, ಈಗಿರೋ ಕಾಲೇಜಲ್ಲಿ ಸಿಗೋದನ್ನ ಪೂರ್ತಿ ತಗೊಂಡಿರ್ಬೇಕು, ಆಮೇಲೆ ಸಾಲದು ಅಂತ ಹೇಳಿದ್ರೆ ಅದಕ್ಕೆ ತೂಕ ಬರತ್ತೆ.

ಎಯ್ಡ್‌ಗೆ ಸಿಎಸ್‌ಎಸ್ ಪ್ರೊಫೈಲ್, ಅಂದ್ರೆ ಮನೆ ಆದಾಯ ಖರ್ಚಿನ ವಿವರ ಕೇಳೋ ಫಾರ್ಮ್, ತುಂಬೋ ರಾತ್ರಿ ಅಪ್ಪ ಪಕ್ಕದಲ್ಲಿ ಕೂತಿದ್ರು. ಅಂಗಡಿ ಬಾಡಿಗೆ, ಮಷೀನ್ ಸಾಲ, ಅಜ್ಜಿ ಔಷಧಿ ಖರ್ಚು, ಒಂದೊಂದಾಗಿ ಕೇಳ್ತಾ ಟೈಪ್ ಮಾಡಿದೆ. ಮದ್ವೆ ಸೀಸನ್‌ನಲ್ಲಿ ಒಂಥರ, ಆಷಾಢದಲ್ಲಿ ಇನ್ನೊಂಥರ ಇರೋ ಆದಾಯನ ಒಂದು ಅಂಕಿಲಿ ಹೇಳಕ್ಕೆ ಆಗಲ್ಲ, ಅದಕ್ಕೆ ಐಟಿಆರ್ ಜೊತೆ ಒಂದು ವಿವರಣೆ ಪತ್ರನೂ ಹಾಕಿದ್ವಿ. ಮುಗಿದ್ಮೇಲೆ ಅಪ್ಪ, "ಇಷ್ಟೆಲ್ಲಾ ಅವರಿಗೆ ಹೇಳ್ಬೇಕಾ ಪುಟ್ಟಿ" ಅಂದ್ರು. ನಂಗೆ ಏನೂ ಹೇಳಕ್ಕೆ ಆಗ್ಲಿಲ್ಲ.

ಮೇ ತಿಂಗಳಲ್ಲಿ ಉತ್ತರ ಬರಕ್ಕೆ ಶುರುವಾಯ್ತು. ನಾಲ್ಕು ಇಲ್ಲ ಅಂದ್ವು, ಒಂದು ವೇಟ್‌ಲಿಸ್ಟ್. ಆರನೇದು ಬಂದಿದ್ದು ಮಧ್ಯರಾತ್ರಿ ದಾಟಿದ ಮೇಲೆ, ಸೀಟ್ ಜೊತೆ ಎಯ್ಡ್ ಪತ್ರ. ಅಪ್ಪನ ಎಬ್ಬಿಸಿದೆ. ಅವರು ಕನ್ನಡಕ ಹಾಕ್ಕೊಂಡು ಅಂಕಿ ಮಾತ್ರ ಮೂರು ಸಲ ಓದಿದ್ರು.

ಆಮೇಲಿಂದು ಬೇಗ ಹೇಳ್ಬಿಡ್ತೀನಿ. ಕಾಲೇಜ್ ಬಿಡ್ತೀನಿ ಅಂದಾಗ ಉಳಿದ ವರ್ಷಗಳ ಫೀಸ್ ಕಟ್ಟಿದ್ರೆನೇ ಒರಿಜಿನಲ್ಸ್ ಅಂದ್ರು, ಒರಿಜಿನಲ್ ಸರ್ಟಿಫಿಕೇಟ್ ಹಿಡಿದಿಟ್ಕೊಳ್ಳೋ ಹಾಗಿಲ್ಲ ಅಂತ ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ) ನಿಯಮ ಇದೆ, ಅದನ್ನ ಪ್ರಿಂಟ್ ತೆಗೆದು ಮನವಿಗೆ ಸೇರಿಸಿ ಕೊಟ್ಮೇಲೆ ಮಾತು ಮೆತ್ತಗಾಯ್ತು. ಆದ್ರೂ ಸೀಟ್ ಕನ್ಫರ್ಮ್ ಆಗಿ ಐ-20 (ವೀಸಾಗೆ ಬೇಕಾಗೋ, ಅಲ್ಲಿನ ಯೂನಿವರ್ಸಿಟಿ ಕೊಡೋ ದಾಖಲೆ) ಕೈಗೆ ಬರೋ ತನಕ ಇಲ್ಲಿ ಏನೂ ಬಿಡ್ಬೇಡಿ, ಕ್ಲಾಸಿಗೂ ಹೋಗ್ತಾ ಇರಿ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡೋ ಅಮೆರಿಕ ಸರ್ಕಾರದ ವ್ಯವಸ್ಥೆ) ಫೀ 350 ಡಾಲರ್ ಕಟ್ಟಿ, ಡಿಎಸ್-160 ಅನ್ನೋ ವೀಸಾ ಅರ್ಜಿ ತುಂಬಿ, ವೀಸಾ ಇಂಟರ್ವ್ಯೂಗೆ ರಾತ್ರಿ ರೈಲಲ್ಲಿ ಚೆನ್ನೈಗೆ ಹೋದ್ವಿ. ಯಾಕೆ ಬಿಇ ಬಿಡ್ತಿದ್ದೀಯ ಅಂತ ಕೇಳಿದ್ರು, ಎಸ್ಸೇಲಿ ಬರೆದಿದ್ದನ್ನೇ ಎರಡು ವಾಕ್ಯದಲ್ಲಿ ಹೇಳಿದೆ.

ಕ್ರೆಡಿಟ್ ವಿಷಯ ಉಳೀತು. ನಾಲ್ಕನೇ ಸೆಮ್ ಎಕ್ಸಾಮೂ ಅಲ್ಲಿ ಕ್ಲಾಸ್ ಶುರುವಾಗೋದೂ ಒಂದೇ ಹೊತ್ತಿಗೆ ಬಂತು, ಹಾಗಾಗಿ ಆ ಸೆಮ್ ಲೆಕ್ಕಕ್ಕಿಲ್ಲ ಅಂತ ಮೊದ್ಲೇ ಇಮೇಲಲ್ಲಿ ತಿಳಿಸಿ ಒಪ್ಪಿಗೆ ತಗೊಂಡೆ. ಉಳಿದ ಮೂರು ಸೆಮ್‌ನ 60 ಕ್ರೆಡಿಟ್‌ಗೆ ಒಂದೊಂದು ಸಬ್ಜೆಕ್ಟಿನ ಸಿಲಬಸ್, ಪಾಠದ ಗಂಟೆ, ಪುಸ್ತಕದ ಹೆಸರು ಸೇರಿಸಿ ಪಿಡಿಎಫ್ ಮಾಡಿ ಕಳಿಸಿದೆ. ಮ್ಯಾಥ್ಸ್, ಫಿಸಿಕ್ಸ್, ಪ್ರೋಗ್ರಾಮಿಂಗ್ ಎಲ್ಲ ತಗೊಂಡ್ರು, ಎಂಜಿನಿಯರಿಂಗ್ ಡ್ರಾಯಿಂಗ್ ತಗೊಳ್ಳಲಿಲ್ಲ. ಸಾಂಸ್ಕೃತಿಕ ಕನ್ನಡ ಅಂತ ಒಂದು ಕ್ರೆಡಿಟ್ ಇತ್ತಲ್ಲ, ಅದರ ಸಿಲಬಸ್ ಕನ್ನಡದಲ್ಲೇ ಇತ್ತು, ಕೂತು ಇಂಗ್ಲಿಷ್ ಮಾಡಿ ಕಳಿಸಿದೆ, ಎಲೆಕ್ಟಿವ್ ಅಂತ ಒಪ್ಕೊಂಡ್ರು. ಒಟ್ಟು 41 ಬಂತು, ಡಿಗ್ರಿಗೆ ಬೇಕಿರೋದು 120. ಇನ್ನೂ ಐದು ಸೆಮ್ ಓದ್ಬೇಕು. ಮೊದಲ ಸೆಮ್‌ಗೆ ಫೊನಾಲಜಿ (ಭಾಷೆಯ ಧ್ವನಿಗಳ ಅಧ್ಯಯನ) ತಗೊಂಡಿದ್ದೀನಿ, ಸೋಮವಾರ ಬುಧವಾರ ಬೆಳಿಗ್ಗೆ ಹತ್ತಕ್ಕೆ ಕ್ಲಾಸ್.